ಒಂದು ಹಿಡಿ ಗೋಧಿ ಹಿಟ್ಟು

ಕನಮಡಿಯ ಒಣದ್ರಾಕ್ಷಿ ಶೆಡ್ಡಿನ ಹಿಂದೆ ವಾಂತಿ ಮಾಡಿಕೊಂಡಾಗ ನನ್ನ ಬಲಗೈಯಲ್ಲಿ ಇನ್ನೂ ಮೊಹರು ಹಾಕದ ಮಾದರಿ ಚೀಲವಿತ್ತು. ಬಗ್ಗಿ ನಿಂತಾಗಲೂ ಆ ಕೈಯನ್ನು ಮೈಯಿಂದ ದೂರಕ್ಕೆ ಚಾಚಿ ಹಿಡಿದಿದ್ದೆ. ಚೀಲಕ್ಕೆ ಒಂದು ಹನಿ ಸಿಡಿದರೂ ಎಲ್ಲವನ್ನೂ ಮೊದಲಿನಿಂದ ಮಾಡಬೇಕು. ಮೂವತ್ತು ಕ್ರೇಟುಗಳ ಮೇಲಿನಿಂದ, ನಡುವಿನಿಂದ, ತಳದಿಂದ ಒಂದೊಂದು ಹಿಡಿ ತೆಗೆದು, ತಾಡಪತ್ರಿಯ ಮೇಲೆ ಸುರಿದು ಕಲೆಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಬಿಟ್ಟು, ಉಳಿದದ್ದನ್ನು ಮತ್ತೆ ಕಲೆಸಿ ಪಾಲು ಮಾಡುವುದು. ಎರಡು ಕಿಲೋ ಉಳಿಯುವವರೆಗೆ ಇದೇ ಕೆಲಸ. ಅದನ್ನು ಎರಡನೇ ಸಲ ಮಾಡುವ ಕಸುವು ನನ್ನಲ್ಲಿ ಉಳಿದಿರಲಿಲ್ಲ.

ಬಾಯಿ ತೊಳೆದುಕೊಂಡು ಬಂದೆ. ಶೆಡ್ಡಿನಲ್ಲಿ ಗಂಧಕದ ಹೊಗೆಯ ವಾಸನೆ ಇತ್ತು. ಬಾಯಲ್ಲಿ ಕಬ್ಬಿಣದ ಮಾತ್ರೆಯ ರುಚಿ. ಎರಡೂ ಸೇರಿ, ನನ್ನ ನಾಲಿಗೆ ನನ್ನದಲ್ಲ ಎನ್ನಿಸುತ್ತಿತ್ತು. ನನ್ನನ್ನು ಕಾಡಿದ್ದು ಒಂದೇ ಪ್ರಶ್ನೆ. ಬೆಳಗಿನಿಂದ ಮನೆಯಿಂದ ತಂದ ಜೋಳದ ರೊಟ್ಟಿ, ಶೇಂಗಾ ಚಟ್ನಿ ಬಿಟ್ಟು ನಾನು ಏನನ್ನೂ ತಿಂದಿರಲಿಲ್ಲ. ಹಾಗಾದರೆ ಏಕೆ?

ಸೊಲ್ಲಾಪುರ ರಸ್ತೆಯ ಒಂದು ಖಾಸಗಿ ಪರೀಕ್ಷಾಲಯದಲ್ಲಿ ನನ್ನ ಕೆಲಸ. ತಿಕೋಟಾ ಭಾಗದ ಶೆಡ್ಡುಗಳಿಂದ ಒಣದ್ರಾಕ್ಷಿಯ ಮಾದರಿ ತಂದು, ಅದರಲ್ಲಿ ಬೆಳೆಗೆ ಹೊಡೆದ ಔಷಧಿಯ ಉಳಿಕೆ ಎಷ್ಟಿದೆ ಎಂದು ನೋಡುವುದು. ಕಣ್ಣಿಗೆ ಕಾಣದ ಉಳಿಕೆಯನ್ನು ಹುಡುಕುವುದೇ ನನ್ನ ಉದ್ಯೋಗ. ನನ್ನ ತಾಟಿನಲ್ಲಿದ್ದದ್ದು ಮಾತ್ರ ನನಗೆ ಆರು ತಿಂಗಳು ಕಾಣಲಿಲ್ಲ.

ಆರು ತಿಂಗಳ ಹಿಂದೆ ನನಗೆ ಸೀಲಿಯಾಕ್ ರೋಗ ಇದೆ ಎಂದು ಗೊತ್ತಾಗಿತ್ತು. ಅದಕ್ಕೂ ಮೊದಲು ಎರಡು ವರ್ಷ ರಕ್ತ ಕಡಿಮೆ ಎಂದು ಮಾತ್ರೆ ಕೊಟ್ಟರು, ಜಂತು ಎಂದು ಮಾತ್ರೆ ಕೊಟ್ಟರು, ಚಿಂತೆ ಹೆಚ್ಚು ಎಂದೂ ಮಾತ್ರೆ ಕೊಟ್ಟರು. ಕೊನೆಗೆ ಒಬ್ಬ ವೈದ್ಯರು ಬಾಯಿಯಿಂದ ನಳಿಕೆ ಇಳಿಸಿ ಸಣ್ಣ ಕರುಳಿನ ಚೂರು ತೆಗೆದರು. ಕರುಳಿನ ಒಳಗೋಡೆಯ ಮೇಲೆ ಇರಬೇಕಾದ ಸಣ್ಣ ಎಳೆಗಳು ಸವೆದು ಮಟ್ಟಸವಾಗಿವೆ, ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಒಳಹೋದಾಗಲೆಲ್ಲ ದೇಹವೇ ಆ ಗೋಡೆಯನ್ನು ಕೆಡವುತ್ತಿದೆ ಎಂದರು. ಆಮೇಲೆ ನಕ್ಕರು.

"ಗೋದಿ ಒಂದ್ ಬಿಡ್ರಿ. ಚಪಾತಿ, ಉಪ್ಪಿಟ್ಟು, ಬ್ರೆಡ್ಡು, ಬಿಸ್ಕೀಟು ಎಲ್ಲಾ ಬಂದ್. ನೀವು ಪುಣ್ಯಾ ಮಾಡೀರಿ ನೋಡ್ರಿ, ಜ್ವಾಳದ ನಾಡಿನ್ಯಾಗ ಹುಟ್ಟೀರಿ. ಪಂಜಾಬದಾಗ ಹುಟ್ಟಿದ್ರ ಏನ್ ತಿಂತಿದ್ರಿ?"

ಅವರ ಸಹಾಯಕಿ ಒಂದು ಹಾಳೆ ಕೊಟ್ಟಳು. ಹಂಚು ಬೇರೆ, ಹಿಟ್ಟು ನಾದುವ ಪರಾತ ಬೇರೆ, ತಾಟು ಬೇರೆ ಇಟ್ಟುಕೊಳ್ಳಬೇಕು ಎಂದು ಅದರಲ್ಲಿತ್ತು. ಮನೆಗೆ ಬಂದು ಅವ್ವನಿಗೆ ಓದಿ ಹೇಳಿದೆ. ಅವ್ವ ಒಲೆಯ ಕಡೆ ಮುಖ ಮಾಡಿಯೇ ಕೇಳಿದಳು: "ಬ್ಯಾರೆ ತಾಟು? ಈ ಮನ್ಯಾಗ?"

ಅವ್ವ ಚಿಕ್ಕವಳಿದ್ದಾಗ ಕೂಲಿಗೆ ಹೋದ ಹೊಲಗಳಲ್ಲಿ ನಮ್ಮ ಓಣಿಯವರಿಗೆ ನೀರನ್ನು ಎತ್ತರದಿಂದ ಬೊಗಸೆಗೆ ಹೊಯ್ಯುತ್ತಿದ್ದರು. ಊಟಕ್ಕೆ ಬೇರೆ ತಾಟು, ಅದು ದನದ ಕೊಟ್ಟಿಗೆಯ ಮಾಡಿನಲ್ಲಿ ಸಿಕ್ಕಿಸಿರುತ್ತಿತ್ತು. ಅವ್ವ ಇದನ್ನು ಹೆಚ್ಚು ಹೇಳುವವಳಲ್ಲ. ಆದರೆ ಅಪ್ಪನಿಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕು ವಿಜಯಪುರದಲ್ಲಿ ಮನೆ ಮಾಡಿದ ಮೇಲೆ ನಮ್ಮ ಮನೆಯಲ್ಲಿ ಯಾರಿಗೂ 'ಅವರ' ಲೋಟ, 'ಇವರ' ತಾಟು ಎಂಬುದಿಲ್ಲ. ಮನೆ ಕೆಲಸಕ್ಕೆ ಬರುವವಳೂ ಕೈಗೆ ಸಿಕ್ಕ ಲೋಟದಲ್ಲಿ ಚಹಾ ಕುಡಿಯುತ್ತಾಳೆ.

"ಎರಡೆರಡ ಸರ್ತಿ ತಿಕ್ಕಿ ತೊಳೀತೀನಿ. ಅಷ್ಟು ಸಾಕಿಲ್ಲೇನು?" ಎಂದಳು. ನಾನು ಹಾಳೆಯನ್ನು ಮಡಚಿ ಇಟ್ಟೆ. ಆ ಹೊತ್ತಿಗೆ ಅದು ಮರ್ಯಾದೆ ಅನ್ನಿಸಿತ್ತು. ಈಗ ಅದನ್ನು ಹೇಡಿತನ ಎನ್ನುತ್ತೇನೆ.

ಗೋಧಿ ಬಿಟ್ಟೆ. ಇಂಗಿನ ಡಬ್ಬಿಯ ಹಿಂದೆ ಸಣ್ಣಕ್ಷರದಲ್ಲಿ ಗೋಧಿ ಹಿಟ್ಟು ಎಂದಿದ್ದನ್ನು ಓದಿ ಅದನ್ನೂ ಎಸೆದೆ. ಆದರೂ ಏನೂ ಬದಲಾಗಲಿಲ್ಲ. ಹೊಟ್ಟೆ ಸಂಜೆಯ ಹೊತ್ತಿಗೆ ತಮಟೆಯಂತೆ ಬಿಗಿಯುತ್ತಿತ್ತು. ಮಲ ನೀರಿನ ಮೇಲೆ ತೇಲುತ್ತಿತ್ತು, ಎಣ್ಣೆ ಸುರಿದಂತೆ ಹೊಳೆಯುತ್ತಿತ್ತು, ಎರಡು ಬಕೆಟ್ ನೀರಿಗೂ ಹೋಗುತ್ತಿರಲಿಲ್ಲ. ಪರೀಕ್ಷಾಲಯದಲ್ಲಿ ಎಲ್ಲರಿಗೂ ಸೇರಿ ಒಂದೇ ಶೌಚಾಲಯ. ಪಡಸಾಲೆ ಖಾಲಿಯಾಗುವವರೆಗೆ ಒಳಗೇ ನಿಂತಿರುತ್ತಿದ್ದೆ, ನನ್ನದೇ ವಾಸನೆಯಲ್ಲಿ, ಮೂಗಿಗೆ ಓಢಣಿ ಒತ್ತಿಕೊಂಡು. ಕನ್ನಡಿಯಲ್ಲಿ ಕಾಣುತ್ತಿದ್ದ ಬಿಳಿಚಿದ ತುಟಿಗಳೂ ನನಗೆ ಹೇಸಿಗೆ ತರುತ್ತಿದ್ದವು.

ಕನಮಡಿಯಲ್ಲಿ ವಾಂತಿಯಾದ ಮರುದಿನ ರಕ್ತ ಪರೀಕ್ಷೆ ಮಾಡಿಸಿದೆ. ಗ್ಲುಟೆನ್ನಿಗೆ ದೇಹ ಹುಟ್ಟಿಸುವ ಪ್ರತಿಕಾಯದ ಮಟ್ಟ ಮೊದಲಿದ್ದಲ್ಲೇ ಇತ್ತು. ವೈದ್ಯರು ವರದಿಯನ್ನು ಮೇಜಿನ ಮೇಲೆ ನನ್ನ ಕಡೆ ತಳ್ಳಿದರು.

"ಖರೇ ಹೇಳ್ರಿ. ಎಲ್ಲಿ ತಿನ್ನಾಕತ್ತೀರಿ?"

"ತಿಂದಿಲ್ರಿ."

"ಹುಡುಗ್ಯಾರು ಪಾನಿಪೂರಿ ಬಿಡಂಗಿಲ್ಲ, ನನಗ ಗೊತ್ತದ. ನನ್ನ ಮುಂದ ನಾಚಿಕಿ ಮಾಡಬ್ಯಾಡ್ರಿ."

"ತಿಂದಿಲ್ಲ ಸರ್."

ಅವರು ಪೆನ್ನು ಕೆಳಗಿಟ್ಟು, ನಿಧಾನವಾಗಿ, ಮಕ್ಕಳಿಗೆ ಹೇಳುವಂತೆ ಹೇಳಿದರು. ಮೂರು ತಿಂಗಳು ಬಿಟ್ಟು ಮತ್ತೆ ರಕ್ತ ನೋಡುತ್ತೇವೆ. ಆಗಲೂ ಇಳಿಯದಿದ್ದರೆ ಎರಡೇ ಅರ್ಥ. ನಾನು ಸುಳ್ಳು ಹೇಳುತ್ತಿದ್ದೇನೆ, ಇಲ್ಲವೇ ಪಥ್ಯಕ್ಕೂ ಬಗ್ಗದ ಕೆಟ್ಟ ಬಗೆಯ ರೋಗ. ಎರಡನೆಯದಾದರೆ ಮತ್ತೆ ನಳಿಕೆ, ಸ್ಟಿರಾಯ್ಡ್ ಮಾತ್ರೆ, ದೊಡ್ಡ ಊರಿನ ಆಸ್ಪತ್ರೆ, ಕರುಳಿನಲ್ಲಿ ಗಂಟು ಇದೆಯೇ ಎಂಬ ಹುಡುಕಾಟ.

ಮೂರು ತಿಂಗಳು. ಅಷ್ಟರೊಳಗೆ ಗೋಧಿ ಎಲ್ಲಿಂದ ಬರುತ್ತಿದೆ ಎಂದು ನಾನು ಕಂಡುಹಿಡಿಯಬೇಕಿತ್ತು.

ದಾರಿ ತೋರಿಸಿದ್ದು ನಮ್ಮ ಪರೀಕ್ಷಾಲಯದ್ದೇ ಯಂತ್ರ. ಆ ವಾರ ಒಂದು ಮಾದರಿಯಲ್ಲಿ ಔಷಧಿಯ ಉಳಿಕೆ ವಿಪರೀತವಿತ್ತು. ಅದರ ಹಿಂದೆಯೇ, ಏನೂ ಇಲ್ಲದ ಬರೀ ದ್ರಾವಕವನ್ನು ಹಾಯಿಸಿದೆವು. ಅದರಲ್ಲೂ ಅದೇ ಔಷಧಿಯ ಸಣ್ಣ ಗುಡ್ಡ ಪರದೆಯ ಮೇಲೆ ಎದ್ದಿತು. ಹಿರಿಯ ಸಹೋದ್ಯೋಗಿ ಚಹಾ ಕುಡಿಯುತ್ತ, "ಹಿಂದಿಂದು ತೊಳದಿಲ್ಲ, ಮುಂದಿಂದಕ್ಕ ಬಂದದ," ಎಂದರು. ನಾನು ಪರದೆಯನ್ನು ನೋಡುತ್ತ ಕುಳಿತೆ. ನನಗೆ ನೆನಪಾದದ್ದು ಹಿಟ್ಟಿನ ಗಿರಣಿ.

ಗ್ಲುಟೆನ್ ಇದೆಯೋ ಇಲ್ಲವೋ ತಿಳಿಸುವ ಪಟ್ಟಿಗಳು ಸಿಗುತ್ತವೆ. ಹಿಟ್ಟಿನ ಚಿಟಿಕೆಯನ್ನು ದ್ರವದಲ್ಲಿ ಕುಲುಕಿ, ಪಟ್ಟಿ ಅದ್ದಿ, ಹತ್ತು ನಿಮಿಷ ಕಾಯಬೇಕು. ಒಂದು ಗೆರೆ ಬಂದರೆ ಶುದ್ಧ, ಎರಡು ಬಂದರೆ ಗ್ಲುಟೆನ್ ಇದೆ. ಅಂಚೆಯಲ್ಲಿ ಹತ್ತು ಪಟ್ಟಿಗಳ ಡಬ್ಬಿ ತರಿಸಿದೆ. ರವಿವಾರ ಜೋಳದ ಡಬ್ಬಿ ಹೊತ್ತು ನಾನೇ ಗಿರಣಿಗೆ ಹೋದೆ.

ಗಿರಣಿಯ ಯಜಮಾನ ವಯಸ್ಸಾದವರು, ಹುಬ್ಬಿನವರೆಗೂ ಹಿಟ್ಟು. ಖಾರಕ್ಕೆ ಒಂದು ಯಂತ್ರ, ಕಾಳಿಗೆಲ್ಲ ಇನ್ನೊಂದು. ನನ್ನ ಮುಂದಿನವರದು ಗೋಧಿ. ಗಾಳಿಯಲ್ಲೇ ಗೋಧಿ ತೇಲುತ್ತಿತ್ತು. ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದರೂ ಅದು ಮೂಗಿನ ಒಳಗೆ ಅಂಟಿಕೊಳ್ಳುವುದು ಗೊತ್ತಾಗುತ್ತಿತ್ತು.

"ಕಾಕಾ, ಗೋದಿ ಆದ ಮ್ಯಾಲ ಕಲ್ಲು ತೊಳೀತೀರೇನ್ರಿ?"

"ಕಲ್ಲು ತೊಳದ್ರ ಹಿಟ್ಟು ಬರಂಗಿಲ್ಲ ತಂಗಿ, ಕಣಕ ಬರ್ತದ," ಎಂದರು. ಸಾಲಿನಲ್ಲಿದ್ದವರೆಲ್ಲ ನಕ್ಕರು.

"ಮತ್ತ ಒಳಗ ಗೋದಿ ಉಳೀತದಲ್ರಿ?"

"ಉಳಿದದ್ದು ಎಲ್ಲಿ ಹೋಗ್ತದ? ಮುಂದಿನವರ ಡಬ್ಬಿಗಿ. ಅವರದು ಅವರ ಮುಂದಿನವರಿಗಿ. ಯಾರದೂ ಕಡಿಮಿ ಆಗಂಗಿಲ್ಲ, ಯಾರದೂ ಹೆಚ್ಚಾಗಂಗಿಲ್ಲ."

ನಾನು ಮೊದಲು ಬಿದ್ದ ಹಿಟ್ಟನ್ನು, ನಡುವಿನದನ್ನು, ಕೊನೆಯದನ್ನು ಮೂರು ಸಣ್ಣ ಪೊಟ್ಟಣಗಳಲ್ಲಿ ಹಿಡಿದು ಹೆಸರು ಬರೆದೆ. ಹಿಂದಿದ್ದ ಹೆಂಗಸು ಪಕ್ಕದವಳಿಗೆ ಹೇಳಿದ್ದು ಕೇಳಿಸಿತು: "ಏನ್ ಮಡಿ ಮಾಡ್ತಾಳೋ ಯವ್ವಾ, ಹಿಟ್ಟಿಗೂ ಮಡಿ!"

ಆ ಶಬ್ದವನ್ನು ನಮ್ಮ ಮನೆಯವರ ಮೇಲೆ ಬೇರೆಯವರು ಬಳಸಿದ್ದನ್ನು ಕೇಳಿದ್ದೆ. ನಾನೇ ಮಡಿ ಮಾಡುವವಳು ಎನಿಸಿಕೊಂಡದ್ದು ಅದೇ ಮೊದಲು.

ಮೂರು ಪೊಟ್ಟಣಕ್ಕೂ ಎರಡೆರಡು ಗೆರೆ ಬಂದವು. ಮೊದಲ ಹಿಟ್ಟಿನದು ಗಾಢ, ಕೊನೆಯದರದು ಮಸುಕು. ಆದರೂ ಅದು ಗೆರೆಯೇ. ಆರು ತಿಂಗಳಿಂದ ದಿನಕ್ಕೆರಡು ಹೊತ್ತು ಬೇರೆಯವರ ಗೋಧಿಯನ್ನು ತಿಂದಿದ್ದೆ. ಸಿಂಕಿಗೆ ಹೋಗಿ ಗಂಟಲಿಗೆ ಬೆರಳು ಹಾಕುವಷ್ಟು ಅಸಹ್ಯವಾಯಿತು. ಹಾಕಲಿಲ್ಲ. ಪ್ರಯೋಜನವಿರಲಿಲ್ಲ.

ಬೀಸುವ ಕಲ್ಲು ಬೇಕಾಯಿತು. ದೊಡ್ಡವ್ವ, ಅಂದರೆ ಅವ್ವನ ಅಕ್ಕ, ಬಬಲೇಶ್ವರದಲ್ಲಿದ್ದಾಳೆ. ಮಾದರಿ ತರಲು ಆ ಕಡೆ ಹೋದ ದಿನ ಪರೀಕ್ಷಾಲಯದ ಜೀಪನ್ನು ಅವಳ ಮನೆಯ ಮುಂದೆ ನಿಲ್ಲಿಸಲು ಚಾಲಕನಿಗೆ ಹೇಳಿದೆ. ಕಲ್ಲು ಹಿತ್ತಲಲ್ಲಿತ್ತು, ಅದರ ಮೇಲೆ ಕೋಳಿ ಕುಳಿತಿತ್ತು.

"ಡಿಗ್ರಿ ಮ್ಯಾಲ ಡಿಗ್ರಿ ತಗೊಂಡು ಬೀಸಾಕ ಹೊಂಟೀಯೇನ್ ಬೇ?" ಎಂದು ದೊಡ್ಡವ್ವ ಕೋಳಿಯನ್ನು ಓಡಿಸಿದಳು. "ನಾವು ರಟ್ಟಿ ಹರಕೊಂಡು ಬೀಸಿದ್ದು ನೀವು ಬೀಸಬಾರ್ದಂತ."

"ಜಡ್ಡಿಗಿ ಬೇಕಾಗೇತಿ ದೊಡ್ಡವ್ವ."

"ಎಂಥಾ ಜಡ್ಡೋ ಏನೋ. ಗೋದಿ ತಿಂದ್ರ ಬರೋ ಜಡ್ಡು! ನಮಗ ತಿನ್ನಾಕ ಸಿಗಲಿಲ್ಲಂತ ಜಡ್ಡು ಬರತಿತ್ತು." ನಗುತ್ತಲೇ ಕಲ್ಲಿನ ಒಂದು ಬದಿ ಹಿಡಿದು ಜೀಪಿಗೆ ಏರಿಸಿದಳು.

ಕಲ್ಲನ್ನು ತಂತಿ ಬ್ರಷ್‌ನಿಂದ ತಿಕ್ಕಿ, ಕುದಿಯುವ ನೀರು ಹೊಯ್ದು, ಎರಡು ದಿನ ಬಿಸಿಲಿಗಿಟ್ಟೆ. ಒಳಗೆ ಉಳಿದದ್ದು ಹೋಗಲೆಂದು ಅಕ್ಕಿಯನ್ನು ಮೂರು ಸಲ ಬೀಸಿ ಮೂರು ಸಲವೂ ಹೊರಗೆ ಚೆಲ್ಲಿದೆ. ನಾಲ್ಕನೆಯ ಸಲ ತೊಳೆದು ಒಣಗಿಸಿದ ಜೋಳ ಹಾಕಿದೆ. ಆ ಹಿಟ್ಟಿಗೆ ಪಟ್ಟಿಯಲ್ಲಿ ಒಂದೇ ಗೆರೆ ಬಂತು. ಖಾತ್ರಿಗೆ ಇನ್ನೊಂದು ಪಟ್ಟಿ ಖರ್ಚು ಮಾಡಿದೆ. ಒಂದೇ ಗೆರೆ. ಅಂಗೈಯಲ್ಲಿ ಬೊಕ್ಕೆ ಎದ್ದಿದ್ದವು, ಆದರೆ ಗೆದ್ದೆ ಅಂದುಕೊಂಡೆ.

ಮೂರು ವಾರ ಕಳೆದವು. ಹೊಟ್ಟೆ ಬಿಗಿಯುವುದು ನಿಲ್ಲಲಿಲ್ಲ. ಮಲ ತೇಲುವುದೂ ನಿಲ್ಲಲಿಲ್ಲ. ತಿಕೋಟಾದಿಂದ ಬರುವ ದಾರಿಯಲ್ಲಿ ಎರಡು ಸಲ ಜೀಪು ನಿಲ್ಲಿಸಿ ಜಾಲಿ ಗಿಡದ ಮರೆಗೆ ಓಡಬೇಕಾಯಿತು. ಚಾಲಕ ರೇಡಿಯೋದ ದನಿ ಏರಿಸಿ ಆಚೆ ಮುಖ ಮಾಡಿ ಕುಳಿತಿದ್ದ. ಅವನ ಆ ಸೌಜನ್ಯವೂ ನನಗೆ ಸಹಿಸಲಾಗಲಿಲ್ಲ. ವೈದ್ಯರು ಹೇಳಿದ ಎರಡನೆಯ ಅರ್ಥವೇ ನಿಜವಿರಬೇಕು ಎಂದುಕೊಂಡೆ.

ಒಂದು ಮಧ್ಯಾಹ್ನ ಪರೀಕ್ಷಾಲಯದಲ್ಲಿ ಡಬ್ಬಿ ತೆರೆದು ರೊಟ್ಟಿಯನ್ನು ನೋಡುತ್ತ ಕುಳಿತೆ. ದುಂಡಗೆ, ತೆಳ್ಳಗೆ, ತಾಟಿನಷ್ಟು ದೊಡ್ಡದು. ಅಂಚಿನಲ್ಲಿ ಒಂದು ಬಿರುಕೂ ಇಲ್ಲ. ನಾನು ಬೀಸುವ ಹಿಟ್ಟು ತರಿತರಿ. ಅದು ಕಳೆದ ವರ್ಷದ ಹಳೆಯ ಜೋಳ ಬೇರೆ, ಹಿಟ್ಟನ್ನು ಕೂಡಿಸುವ ಜಿಗಿ ಕಳೆದುಕೊಂಡದ್ದು. ಅಂಥ ಹಿಟ್ಟಿನಲ್ಲಿ ಇಂಥ ರೊಟ್ಟಿ ಬರುವುದಿಲ್ಲ. ಮೂರು ವಾರ ಇದನ್ನೇ ತಿಂದಿದ್ದೆ, ಒಮ್ಮೆಯೂ ನೋಡಿರಲಿಲ್ಲ. ಹಿಟ್ಟನ್ನು ಪರೀಕ್ಷಿಸಿದ್ದೆ. ರೊಟ್ಟಿಯನ್ನು ಪರೀಕ್ಷಿಸಬೇಕು ಎಂದು ಹೊಳೆದಿರಲೇ ಇಲ್ಲ.

ಚೂರು ಮುರಿದು ದ್ರವಕ್ಕೆ ಹಾಕಿದೆ. ಎರಡನೆಯ ಗೆರೆ ಹತ್ತು ನಿಮಿಷ ಕಾಯಲಿಲ್ಲ. ಗಿರಣಿಯ ಮೊದಲ ಹಿಟ್ಟಿಗಿಂತಲೂ ಗಾಢವಾಗಿ ಎದ್ದಿತು.

ಮರುದಿನ ಬೆಳಿಗ್ಗೆ ಅವ್ವ ರೊಟ್ಟಿ ಬಡಿಯುವಾಗ ಹೋಗಿ ನಿಂತೆ.

"ಇದಕ್ಕ ಏನ್ ಹಾಕೀದಿ?"

"ಬಿಸಿ ನೀರು. ಮತ್ತೇನ್ ಹಾಕ್ತಾರ?"

"ಅವ್ವ."

ಬಡಿಯುವ ಕೈ ನಿಂತಿತು. "ಒಂದ ಹಿಡಿ," ಎಂದಳು. "ಒಂದ ಹಿಡಿಗಿ ಏನಾಗ್ತದ? ತರಿ ತರಿ ಬೀಸ್ತೀದಿ, ಬಡದ್ರ ಹರೀತಾವ. ಹರಕ ರೊಟ್ಟಿ ಜಡ್ಡಿನ ಮಗಳ ಮುಂದ ಇಡ್ಲೇನು?"

"ಗೋದಿ ಹಾಕಬ್ಯಾಡ ಅಂತ ಎಷ್ಟ ಸರ್ತಿ ಹೇಳೇನಿ."

"ನಾ ಜಿಗಿಗಿ ಹಾಕೇನಿ. ಗೋದಿ ಅಂತ ಎಲ್ಲಿ ಹಾಕೇನಿ?"

ಅವಳು ಸುಳ್ಳು ಹೇಳುತ್ತಿರಲಿಲ್ಲ. ಅವಳ ಲೆಕ್ಕದಲ್ಲಿ ಗೋಧಿ ತಿನ್ನುವುದೆಂದರೆ ಚಪಾತಿ, ಮಾದಲಿಯಂಥ ಸಿಹಿ, ಹಬ್ಬ. ಹಿಟ್ಟು ಕೂಡಲೆಂದು ಹಾಕುವ ಹಿಡಿ ಒಂದು ಉಪಾಯ, ಅದು ಊಟವಲ್ಲ. ಜೋಳ ಹಳೆಯದಾದಾಗಲೆಲ್ಲ ಹಾಕುತ್ತಿದ್ದಳು. ನಾನು ಗೋಧಿ ಬಿಟ್ಟ ಮೇಲೂ ಹಾಕಿದ್ದಳು.

ನನಗೆ ಇದೆಲ್ಲ ಆ ಕ್ಷಣಕ್ಕೆ ಅರ್ಥವಾಗಲಿಲ್ಲ. ಬುಟ್ಟಿಯಲ್ಲಿದ್ದ ರೊಟ್ಟಿಗಳನ್ನು ಎರಡು ಬೆರಳ ತುದಿಯಲ್ಲಿ ಎತ್ತಿ, ಮೈಗೆ ತಾಗದಂತೆ ದೂರ ಹಿಡಿದು, ಕಸದ ಡಬ್ಬಿಗೆ ಹಾಕಿದೆ. ಆಮೇಲೆ ಬುಟ್ಟಿಯನ್ನೂ ಹಾಗೆಯೇ ಎತ್ತಿದೆ.

ಅವ್ವ ನನ್ನ ಮುಖ ನೋಡಲಿಲ್ಲ, ಬೆರಳು ನೋಡುತ್ತಿದ್ದಳು.

"ಹಂಗ ಎತ್ತಬ್ಯಾಡ ತಂಗಿ," ಎಂದಳು. "ನಾವು ಉಂಡ ತಾಟು ಹಂಗ ಎತ್ತತಿದ್ರು."

ಬುಟ್ಟಿ ಕೆಳಗಿಟ್ಟೆ. ಕೆಲಸಕ್ಕೆ ಹೋದೆ. ದಿನವಿಡೀ ನನ್ನ ಬೆರಳುಗಳನ್ನು ನಾನು ನೋಡಿಕೊಳ್ಳಲಾರದೆ ಕೈಗವಸು ಹಾಕಿಕೊಂಡೇ ಇದ್ದೆ. ಆದರೆ ಅವ್ವನ ನೋವಿಗೆ ಮಣಿದರೆ ಮತ್ತೆ ಮೊದಲಿನ ಹಾಳೆ ಮಡಚಿಟ್ಟಂತೆ. ಸಂಜೆ ಅಂಗಡಿಗೆ ಹೋಗಿ ಹೊಸ ಹಂಚು, ಪರಾತ, ತಾಟು, ಮುಚ್ಚಳದ ಡಬ್ಬಿ ತಂದು ಅಡುಗೆಮನೆಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟೆ. "ಇನ್ನ ಮ್ಯಾಲ ನನ್ನ ರೊಟ್ಟಿ ನಾನ ಮಾಡ್ಕೋತೀನಿ. ಇವಕ್ಕ ಯಾರೂ ಮುಟ್ಟಬ್ಯಾಡ್ರಿ," ಎಂದೆ.

ಮರುದಿನ ನಾನು ಎದ್ದಾಗ ಅಡುಗೆಮನೆ ಒದ್ದೆಯಾಗಿತ್ತು. ಗೋಧಿ ಹಿಟ್ಟಿನ ಡಬ್ಬಿ, ರವೆ, ಶಾವಿಗೆ, ಲಟ್ಟಣಿಗೆ, ಮಣೆ ಎಲ್ಲವೂ ಪಕ್ಕದ ಮನೆಗೆ ಹೋಗಿದ್ದವು. ಗೋಡೆಯ ಹಲಗೆಗಳನ್ನು ಅವ್ವ ಸೋಪು ಹಾಕಿ ತೊಳೆದಿದ್ದಳು. ಹಳೆಯ ಹಂಚು ಹಿತ್ತಲ ಒಲೆಯ ಕೆಂಡದಲ್ಲಿ ಕಾದು ಕೆಂಪಾಗುತ್ತಿತ್ತು. ನಾನು ತಂದಿದ್ದ ಹೊಸ ತಾಟು ಉಳಿದ ತಾಟುಗಳ ನಡುವೆ ಸೇರಿತ್ತು.

"ಬ್ಯಾರೆ ತಾಟು ನನ್ನ ಮನ್ಯಾಗ ಬ್ಯಾಡ," ಎಂದಳು. "ಗೋದಿನ ಬ್ಯಾಡ."

ಅಪ್ಪ ಪೇಪರು ಕೆಳಗಿಳಿಸಿದರು. "ಮತ್ತ ನನ್ನ ಚಪಾತಿ?"

"ಬ್ಯಾಂಕಿನ್ಯಾಗ ತಿನ್ರಿ. ಬರೋವಾಗ ಬಾಯಿ ತೊಳಕೊಂಡು ಬರ್ರಿ."

ಆ ದಿನದಿಂದ ನಮ್ಮ ರೊಟ್ಟಿ ಸಣ್ಣದಾಯಿತು, ದಪ್ಪವಾಯಿತು, ಹಂಚಿನ ಮೇಲೆಯೇ ಮೂರು ತುಂಡಾಗತೊಡಗಿತು. ಅವ್ವ ಒಂದೊಂದು ತುಂಡಾದಾಗಲೂ ಬೈಯುತ್ತಿದ್ದಳು, ಜೋಳಕ್ಕೆ, ಕಲ್ಲಿಗೆ, ಕಲ್ಲು ಕೊಟ್ಟ ಅಕ್ಕನಿಗೆ. ಯಾರಾದರೂ ಬಂದರೆ ರೊಟ್ಟಿಯ ಬುಟ್ಟಿಯ ಮೇಲೆ ಬಟ್ಟೆ ಮುಚ್ಚುತ್ತಿದ್ದಳು. ರವಿವಾರ ಇಬ್ಬರೂ ಎದುರುಬದುರು ಕುಳಿತು ಬೀಸುತ್ತಿದ್ದೆವು.

ಎರಡನೆಯ ವಾರದ ಕೊನೆಗೆ ಒಂದು ಬೆಳಿಗ್ಗೆ ಮಲ ನೀರಿನಲ್ಲಿ ಮುಳುಗಿತು. ಇದನ್ನು ಬರೆಯಲು ನನಗೆ ಈಗಲೂ ಹೇಸಿಗೆಯಾಗುತ್ತದೆ. ಆದರೆ ನಾನು ಇಟ್ಟುಕೊಂಡ ದಾಖಲೆಯಲ್ಲಿ ಅದಕ್ಕಿಂತ ಮುಖ್ಯವಾದ ಸಾಲು ಇಲ್ಲ. ಒಂದು ತಿಂಗಳಿಗೆ ಸಂಜೆಯ ಬಿಗಿತ ಕಡಿಮೆಯಾಯಿತು. ವಾಕರಿಕೆ ಮಾತ್ರ ಪೂರ್ತಿ ಹೋಗಲಿಲ್ಲ. ಓಣಿಯಲ್ಲಿ ಯಾರದೋ ಮನೆಯ ಚಪಾತಿ ಬೇಯುವ ವಾಸನೆ ಬಂದರೆ, ಮೊದಲು ಬಾಯಲ್ಲಿ ನೀರೂರುತ್ತಿದ್ದ ನನಗೆ, ಕಿಟಕಿ ಮುಚ್ಚಬೇಕಾಗುತ್ತಿತ್ತು.

ಮೂರು ತಿಂಗಳಿಗೆ ರಕ್ತ ಕೊಟ್ಟೆ. ವರದಿ ತೋರಿಸಲು ಹೋಗುವ ದಿನ ಅವ್ವ ತಾನೂ ಬರುವೆನೆಂದು ಸೀರೆ ಬದಲಿಸಿ ನಿಂತಳು. ಹಿಂದೆ ಎಂದೂ ಬಂದಿರಲಿಲ್ಲ.

ಪ್ರತಿಕಾಯದ ಮಟ್ಟ ಅರ್ಧಕ್ಕಿಂತ ಕೆಳಗಿಳಿದಿತ್ತು. ಸರಿಹೋಗಿರಲಿಲ್ಲ, ಇಳಿಯತೊಡಗಿತ್ತು. ವೈದ್ಯರು ಕನ್ನಡಕ ಏರಿಸಿ ನಕ್ಕರು.

"ನೋಡ್ರಿ, ಹೇಳಿದ್ನೋ ಇಲ್ಲೋ? ಕದ್ದು ತಿನ್ನೋದು ಬಿಟ್ಟೀರಿ, ಇಳೀತು."

ನಡೆದದ್ದನ್ನು ಹೇಳಿದರೆ ಅವ್ವನನ್ನು ದೂರಬೇಕಾಗುತ್ತಿತ್ತು. ಕದ್ದವಳು ಎನಿಸಿಕೊಂಡೇ ಎದ್ದುಬರುವುದು ಎಂದು ಮನೆಯಿಂದಲೇ ತೀರ್ಮಾನಿಸಿಕೊಂಡು ಬಂದಿದ್ದೆ.

"ಅಕಿ ಕದ್ದಿಲ್ರಿ ಸಾಹೇಬ್ರ," ಎಂದಳು ಅವ್ವ. ಕುರ್ಚಿಯ ತುದಿಯಲ್ಲಿ ಕುಳಿತಿದ್ದಳು. "ಅಕಿ ಎಂದೂ ಕದ್ದು ತಿಂದಿಲ್ಲ. ರೊಟ್ಟಿಗಿ ನಾ ಹಾಕತಿದ್ನಿರಿ. ಅಕಿಗಿ ಹೇಳ್ದ ಹಾಕತಿದ್ನಿ."

"ಯಾಕ್ರಿ ಯಮ್ಮಾ?"

"ರೊಟ್ಟಿ ಹರೀಬಾರ್ದಂತ."

ವೈದ್ಯರ ನಗು ನಿಂತಿತು. ಅವರು ಕೇಳಬಹುದಾದ ಕ್ಷಮೆಯನ್ನು ಕೇಳಲಿಲ್ಲ. ಮುಂದಿನ ತಾರೀಖು ಬರೆದು, ಈ ಸಲ ಚೀಟಿಯನ್ನು ತಳ್ಳದೆ, ಎದ್ದು ಅವ್ವನ ಕೈಗೆ ಕೊಟ್ಟರು. ಮತ್ತೆ ನಳಿಕೆ ಬೇಡ, ಸ್ಟಿರಾಯ್ಡ್ ಬೇಡ, ಇದನ್ನೇ ಮುಂದುವರಿಸಿ ಎಂದರು.

ಹೊರಗೆ ಆಸ್ಪತ್ರೆಯ ಗೇಟಿನ ಬಳಿ ಗಾಡಿಯಲ್ಲಿ ಭಜಿ ಕರಿಯುತ್ತಿದ್ದರು. ಕರಿದ ಎಣ್ಣೆಯ ವಾಸನೆಗೆ ಹೊಟ್ಟೆ ತೊಳಸಿತು. ಓಢಣಿಯಿಂದ ಮೂಗು ಮುಚ್ಚಿಕೊಂಡು ಬೇವಿನ ಗಿಡದ ಕಡೆ ಸರಿದೆ. ಅಲ್ಲಿ ನಿಂತಾಗ, ತೊಳಸುವಿಕೆಯ ಕೆಳಗೆ ಇನ್ನೊಂದು ಏನೋ ಇದೆ ಎನ್ನಿಸಿತು. ಅದನ್ನು ಗುರುತಿಸಲು ಸ್ವಲ್ಪ ಹೊತ್ತು ಬೇಕಾಯಿತು.

"ಅವ್ವ, ಹಸಿವ್ಯಾಗೇತಿ," ಎಂದೆ.

ಅವ್ವ ಚೀಲದಿಂದ ಬಟ್ಟೆಯ ಗಂಟು ತೆಗೆದಳು. ರೊಟ್ಟಿಯೆಲ್ಲ ಚೂರುಚೂರಾಗಿತ್ತು. ಇಡಲು ಏನೂ ಇರಲಿಲ್ಲ. ಅವಳು ಚೂರುಗಳನ್ನು ಅಂಗೈಗೆ ಸುರಿದುಕೊಂಡು, ಮೇಲೆ ಚಟ್ನಿ ಉದುರಿಸಿ, ಕೈಯನ್ನು ನನ್ನ ಮುಂದೆ ಹಿಡಿದಳು. ನಾನು ಅಲ್ಲಿಂದಲೇ ತಿಂದೆ.